ನಕ್ಕರೆ ಕೆಟ್ಟಳು ತೆಲೇಸಿಯಾ

ಮುಗುಳ್ನಕ್ಕರೆ ತೊಂದರೆಯಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕಳೋ, ತೆಲೇಸಿಯಾಳ ಉಟ್ಟ ಬಟ್ಟೆ ಒದ್ದೆ! ಸವಾಯಿ ದ್ವೀಪದ ನಮ್ಮೂರಿನಲ್ಲಿ ನಗದೆ ಬಾಳುವುದೆಂದರೆ ಸುಮ್ಮನೆ ಮಾತೇ? ಅದೂ ಮೈದುನ ಫಾಗಾನಂಥ ಕೋಡಂಗಿಯನ್ನು ಮನೆಯಲ್ಲೇ ಇಟ್ಟುಕೊಂಡು. ಅವನು ಹುಬ್ಬು ಹಾರಿಸಿದರೆ ಪಾದ್ರಿಗಳೇ ಕೆಮ್ಮಿದಂತೆ ನಟಿಸಿ ನಗುತ್ತಿದ್ದರು. ಹಾಗಾಗಿ ಮಗಳು ಲಗಿಮಾ ಕುಣಿದ ಒಂದು ಸಭೆಗೂ ತೆಲೇಸಿಯಾ ಹೋದವಳಲ್ಲ.

ಈಗ ಹೊಸ ಶಾಲೆಯ ಹಬ್ಬ ಬಂತು. ಕೊನೆಯ ಕುಣಿತ ಲಗಿಮಾಳದು.

"ನೀನು ಬರ್ಲಿಲ್ಲ ಅಂದ್ರೆ ನಾನು ಕುಣಿಯೋದೇ ಇಲ್ಲ," ಎಂದು ಅವಳು ಅತ್ತಳು. "ನಂಗೇನು ಅಮ್ಮ ಇಲ್ವಾ?"

ತಾಯಿ ನಾಚಿಕೆ ಬಿಟ್ಟು ಎಲ್ಲ ಹೇಳಿಕೊಂಡಳು. ಮಗಳು ಅವಳನ್ನು ಅಂದೇ ನರ್ಸ್ ಒತೀಲಿಯಾಳ ಹತ್ತಿರ ಎಳೆದೊಯ್ದಳು.

"ನಿನ್ನ ಮೂತ್ರಚೀಲಕ್ಕೇನೂ ಆಗಿಲ್ಲ ಕಣೇ," ಎಂದಳು ನರ್ಸ್. "ಗಡಿಬಿಡಿ ಇರೋದು ತಲೇಲಿ."

"ಅಯ್ಯೋ, ಹುಚ್ಚಾ?"

"ಅಲ್ವೇ! ಮಿದುಳಲ್ಲಿ ಡೋಪಮೀನ್ ಅಂತ ಒಂದು ರಸ ಇದೆ. 'ಈಗ ಬೇಡ, ತಡಿ' ಅಂತ ಕೆಳಗೆ ಹೇಳಿ ಕಳಿಸೋಕೆ ಅದೂ ಬೇಕು. ನಿಂಗೆ ಜೋರು ನಗು ಬಂದಾಗ ಆ ಮಾತು ಸರಿಯಾಗಿ ತಲುಪ್ತಿಲ್ಲ ಅನ್ಸುತ್ತೆ."

"ಅಂದ್ರೆ ಆ ರಸಾನೂ ನಗ್ತಾ ನಿಂತುಬಿಡುತ್ತೆ."

"ಹೆಚ್ಚುಕಮ್ಮಿ ಹಾಗೇ. ಮಾತ್ರೆ ಮುಂದಿನ ಹಡಗಿಗೆ ಬರುತ್ತೆ. ಅಲ್ಲೀವರೆಗೆ ನಗಬೇಡ."

ಹಡಗು ಬರುವುದೋ, ಹಬ್ಬ ಮುಗಿದ ಮೇಲೆ.

ಹಬ್ಬದ ದಿನ ತೆಲೇಸಿಯಾ ಹುಲ್ಲುಬಯಲಿನಲ್ಲಿ ಮುಂದಿನ ಸಾಲಿನಲ್ಲೇ ಕೂತಳು. ಗರಿಯ ಕಿರೀಟ ತೊಟ್ಟು, ಎಣ್ಣೆ ಹಚ್ಚಿದ ತೋಳುಗಳನ್ನು ಮೆಲ್ಲಗೆ ತೇಲಿಸುತ್ತ ಲಗಿಮಾ ಬಂದಳು. ಎಂಥ ಚೆಲುವೆ! ಕುಣಿಯುವವಳು ಗಂಭೀರವಾಗಿದ್ದಷ್ಟೂ ನೆಂಟರು ಅವಳ ಸುತ್ತ ಬಿದ್ದು ಎದ್ದು ಕೋಡಂಗಿಯಾಟ ಆಡಬೇಕು. ಆಗಲೇ ಅವಳಿಗೆ ಕಳೆ. ಫಾಗಾ ತೆಂಗಿನ ಗರಿ ಸಿಕ್ಕಿಸಿಕೊಂಡು, ಮೊಟ್ಟೆಯಿಡಲು ಜಾಗ ಸಿಗದ ಕೋಳಿಯ ಹಾಗೆ ಓಡಿ ಬಂದ.

ತೆಲೇಸಿಯಾ ನಾಲಗೆ ಕಚ್ಚಿಕೊಂಡಳು. ಕೋಳಿ ಪಾದ್ರಿಯ ತೊಡೆಯ ಮೇಲೆ ಕೂತಿತು. ಮುಗಿಯಿತು! ಅವಳು ಎದ್ದಳು, ಬೆನ್ನು ಬಗ್ಗಿಸಿ, ಮಂಡಿಗೆ ಮಂಡಿ ಒತ್ತಿಕೊಂಡು, "ತುಲೋ, ತುಲೋ" ಎಂದು ಹಿರಿಯರ ಅಪ್ಪಣೆ ಬೇಡುತ್ತ ಕುಪ್ಪಳಿಸಿದಳು. ಅವಳೂ ಆಟಕ್ಕೇ ಇಳಿದಳೆಂದು ಜನ ಹೋ ಎಂದಿತು.

"ಭಲೇ ಅತ್ತಿಗೆ!" ಎಂದು ಫಾಗಾ ಅದೇ ನಡಿಗೆಯಲ್ಲಿ ಹಿಂದೆ ಬಂದ. ಅವನ ಹಿಂದೆ ಚಿಕ್ಕಮ್ಮಂದಿರು, ದೊಡ್ಡಮ್ಮಂದಿರು, ಎಲ್ಲರದೂ ಮಂಡಿಗೆ ಮಂಡಿ! ಸುತ್ತುವರಿದರು.

"ದಾರಿ ಬಿಡೋ! ನಿಜವಾಗ್ಲೂ ಬಂದಿದೆ!"

"ಕೇಳಿದ್ರಾ? ನಿಜವಾಗ್ಲೂ ಬಂದಿದೆಯಂತೆ!"

ಈಗ ಅವಳಿಗೇ ನಗು ತಡೆಯಲಾಗಲಿಲ್ಲ. ಒದ್ದೆ ಮುಚ್ಚಿಕೊಳ್ಳಲು ಉಳಿದದ್ದು ಒಂದೇ ಉಪಾಯ. ಕುಣಿಯುವವಳು ಪಾದವಿಡಲೆಂದು ಹುಡುಗರು ನೆಲದ ಮೇಲೆ ಬೋರಲು ಬಿದ್ದು ಬೆನ್ನು ಕೊಡುವುದುಂಟು. ತೆಲೇಸಿಯಾ ಮಗಳ ಮುಂದೆ ಹುಲ್ಲಿನ ಮೇಲೆ ದೊಪ್ಪನೆ ಬೋರಲು ಬಿದ್ದಳು.

ಕುಪ್ಪಳಿಸುತ್ತಿದ್ದವರೆಲ್ಲ ಅಲ್ಲೇ ನಿಂತರು. ಹೆತ್ತ ತಾಯಿ ಮಗಳಿಗೆ ಬೆನ್ನು ಕೊಟ್ಟದ್ದನ್ನು ಯಾರು ಕಂಡಿದ್ದರು? ಊರ ಮುಖ್ಯಸ್ಥ ಕಣ್ಣೊರೆಸಿಕೊಂಡ. ಲಗಿಮಾಳಿಗೆ ಮಾತ್ರ ಎಲ್ಲ ಅರ್ಥವಾಯಿತು. ಅವಳು ಅಮ್ಮನ ಬೆನ್ನ ಮೇಲೆ ಹೂವಿಟ್ಟಂತೆ ಪಾದವಿಟ್ಟು, ತುಟಿ ಅಲುಗಿಸದೆ ಕೇಳಿದಳು:

"ಅಮ್ಮಾ, ಆಯ್ತಾ?"

"ಇಲ್ಲ ಕಣೇ," ಎಂದಳು ತೆಲೇಸಿಯಾ ಹುಲ್ಲಿನೊಳಗಿಂದ. "ಇನ್ನೂ ಇದೆ. ಕುಣೀತಾ ಇರು."