ಕಂದಕದಲ್ಲಿ ಲೆಟಿಸ್

ಜುಲೇಮಾ ಕಂದಕಕ್ಕಿಳಿದು ಮಧ್ಯಾಹ್ನದ ಊಟಕ್ಕೆ ಲೆಟಿಸ್ ಸೊಪ್ಪು ಕೀಳುತ್ತಿದ್ದಾಗ ಮೇಲಿನ ಅಂಚಿನಲ್ಲಿ ಗಂಡನ ಬೂಟುಗಳು ಬಂದು ನಿಂತವು. ಪಾಲಿಶ್ ಹಾಕಿದ ಬೂಟು. ಅಂದರೆ ಅನ್ಸೆಲ್ಮೊ ಓಟು ಹಾಕಲು ಹೊರಟೇಬಿಟ್ಟಿದ್ದ.

"ಈ ಸಲ ಕಡ್ಡಾಯ ಇಲ್ಲ ಕಣೋ ಮುದುಕಾ," ಎಂದಳು ತಲೆ ಎತ್ತದೆ. "ಗಾಳಿ ಬೇರೆ ಹೀಗೆ ಬೀಸ್ತಿದೆ. ಮನೇಲೇ ಇರು. ಕುರಿ ತೊಡೆ ಒಲೇಲಿದೆ, ಸೀಯದ ಹಾಗೆ ನೋಡ್ಕೋ."

"ನಾನು ಮನೇಲಿದ್ರೆ ನಿನ್ನ 'ಹೌದು' ಉಳ್ಕೊಳ್ಳುತ್ತೆ. ಹೋದ್ರೆ ನನ್ನ 'ಇಲ್ಲ' ಅದನ್ನ ಹೊಡೆದು ಹಾಕುತ್ತೆ. ನಂಗೆ ಲೆಕ್ಕ ಬರಲ್ಲ ಅಂದ್ಕೊಂಡ್ಯಾ ಮುದುಕಿ?"

ಜುಲೇಮಾಳ ಲೆಕ್ಕವೂ ಅದೇ ಆಗಿತ್ತು. ಭಾನುವಾರಕ್ಕೆಂದು ಕುರಿ ತೊಡೆ ತಂದದ್ದೇ ಇವನನ್ನು ಒಲೆಯ ಮುಂದೆ ಕೂರಿಸಲು. ಉಪಾಯ ನೆಲಕಚ್ಚಿತು.

ದಕ್ಷಿಣದ ಜಲಸಂಧಿಯ ಬಾಯಲ್ಲಿರುವ ಮೂರು ದ್ವೀಪ ತಮ್ಮವೋ ಚಿಲಿಯವೋ ಎಂಬ ಜಗಳ ಅಜ್ಜಂದಿರ ಕಾಲದ್ದು. ಪೋಪರ ಮಧ್ಯಸ್ಥಿಕೆಯಲ್ಲಿ ಕೊನೆಗೂ ಒಂದು ಒಪ್ಪಂದ ತಯಾರಾಗಿತ್ತು: ದ್ವೀಪಗಳು ಚಿಲಿಗೆ, ಅಟ್ಲಾಂಟಿಕ್ ಸಮುದ್ರ ಅರ್ಜೆಂಟೀನಾಕ್ಕೆ, ಅಲ್ಲಿಗೆ ಮುಗಿಯಿತು. ಒಪ್ಪೋಣವೇ ಬೇಡವೇ ಎಂದು ಸರ್ಕಾರ ಇಡೀ ದೇಶವನ್ನು ಕೇಳುತ್ತಿತ್ತು. ಅನ್ಸೆಲ್ಮೊ ಮೂರು ವಾರದಿಂದ ಒಂದಂಗುಲ ಬಿಡಬಾರದು ಎಂದು ಬೇಕರಿಯಲ್ಲೂ ಕ್ಷೌರದಂಗಡಿಯಲ್ಲೂ ಗಂಟಲು ಹರಿದುಕೊಂಡಿದ್ದ. ಆ ದ್ವೀಪಗಳನ್ನು ಅವನು ಕಣ್ಣಲ್ಲಿ ಕಂಡವನಲ್ಲ, ಅದು ಬೇರೆ ಮಾತು.

ಕಂದಕವೂ ಅದೇ ಜಗಳದ ಕೂಸು. ಆರು ವರ್ಷದ ಹಿಂದೆ, ಕ್ರಿಸ್‌ಮಸ್ ಮುಂದಿರುವಾಗ, ಇವತ್ತೋ ನಾಳೆಯೋ ಯುದ್ಧ ಎಂದು ರಿಯೊ ಗಾಯೆಗೋಸ್ ಊರಿಗೆ ಊರೇ ದೀಪ ಆರಿಸಿ ಕೂತಿತ್ತು. ಆಗ ಹಿತ್ತಿಲಲ್ಲಿ ಇದನ್ನು ತೋಡಲು ಹೆಗಲು ಕೊಟ್ಟವನು ಪಕ್ಕದ ಮನೆಯ ಬೆಲಾರ್ಮಿನೊ. ಬಂದರಿನಲ್ಲಿ ಅನ್ಸೆಲ್ಮೊನ ಜೊತೆಗೇ ಕಲ್ಲಿದ್ದಲು ಇಳಿಸುವವನು, ಹುಟ್ಟಿದ್ದು ಚಿಲಿಯಲ್ಲಿ. ಚಿಲಿಯ ವಿಮಾನದಿಂದ ತಪ್ಪಿಸಿಕೊಳ್ಳುವ ಗುಂಡಿಯನ್ನು ಚಿಲಿಯವನೇ ತೋಡಿಕೊಟ್ಟ. ಬಾಂಬು ಪಾಸ್‌ಪೋರ್ಟ್ ನೋಡಿ ಬೀಳುವುದಿಲ್ಲವಲ್ಲ. ಅದೇ ವಾರ, ದೀಪ ಹಚ್ಚಬಾರದ ಹೊತ್ತಿನಲ್ಲಿ, ಬೆಲಾರ್ಮಿನೊನ ಅಡುಗೆಮನೆಯಲ್ಲಿ ಬೆಳಕು ಕಂಡಿತು. "ನಿಮ್ಮೋರಿಗೆ ದಾರಿ ತೋರಿಸ್ತಿದ್ದೀಯಾ?" ಎಂದು ಅನ್ಸೆಲ್ಮೊ ಬೀದಿಗೆಲ್ಲ ಕೇಳುವಂತೆ ಕೂಗಿದ. ಮಾತು ನಿಂತದ್ದು ಅಂದಿಗೆ.

ಬಾಂಬು ಬೀಳಲಿಲ್ಲ. ಎಂದಿನಂತೆ ಗಾಳಿ ಬಂತು. ನೆಟ್ಟದ್ದನ್ನೆಲ್ಲ ಕಿತ್ತೊಯ್ಯುವ ಆ ಗಾಳಿಗೆ ಊರಿನಲ್ಲಿ ಇದಕ್ಕಿಂತ ಒಳ್ಳೆಯ ಮರೆ ಇಲ್ಲವೆಂದು ಕಂಡುಕೊಂಡು ಜುಲೇಮಾ ತಗಡಿನ ಮಾಡು ತೆಗೆಸಿ ಲೆಟಿಸ್ ಹಾಕಿದಳು. ಜಗಳ ಪೂರ್ತಿ ಮುಗಿಯುವವರೆಗೆ ಕಂದಕ ಮುಚ್ಚುವುದಿಲ್ಲವೆಂದು ಅನ್ಸೆಲ್ಮೊ ಆಣೆ ಹಾಕಿದ್ದ.

ಆದರೆ ಈಗ ಮಗ ಫಾಬಿಯಾನನಿಗೆ ಹದಿನೆಂಟು. ಕಡ್ಡಾಯ ಸೈನ್ಯಸೇವೆಯ ಚೀಟಿ ಎತ್ತಿದಾಗ ಅವನ ಪಾಲಿಗೆ ನೌಕಾಪಡೆ ಬಂದಿತ್ತು, ಬೇಸಿಗೆ ಕಳೆದ ಮೇಲೆ ಹೊರಡಬೇಕು. ಎರಡು ವರ್ಷದ ಹಿಂದೆ ಇಂಗ್ಲಿಷರೊಡನೆ ನಡೆದ ಮಾಲ್ವಿನಾಸ್ ಯುದ್ಧಕ್ಕೆ ವಿಮಾನಗಳು ಹಾರಿದ್ದು ಇದೇ ಊರಿನಿಂದ. ಜುಲೇಮಾ ಹಿತ್ತಿಲಲ್ಲಿ ನಿಂತು ಕಿವಿಗೊಟ್ಟಿದ್ದಳು. ಹೋಗುವ ಸದ್ದಿಗಿಂತ ಬರುವ ಸದ್ದು ಕಡಿಮೆಯಾಗುತ್ತ ಬಂದಿತ್ತು. ಈ ದ್ವೀಪಗಳಿಗೂ ಯುದ್ಧವಾದರೆ ಹಡಗಿನ ಮೇಲಿರುವವನು ಫಾಬಿಯಾನನೇ.

ಒಲೆಯನ್ನು ಮಗನಿಗೊಪ್ಪಿಸಿ ಇಬ್ಬರೂ ಹೊರಟರು. ಬೇಲಿಗೊರಗಿ ಕೊಳವೆಯಿಂದ 'ಮಾತೆ' ಚಹಾ ಹೀರುತ್ತಿದ್ದ ಬೆಲಾರ್ಮಿನೊ ಟೋಪಿ ಎತ್ತಿದ. ಪರದೇಶದವನು, ಅವನಿಗೆ ಓಟಿಲ್ಲ. ಜುಲೇಮಾ ತಲೆಯಾಡಿಸಿದಳು, ಅನ್ಸೆಲ್ಮೊ ಆಕಾಶ ನೋಡಿದ.

ಶಾಲೆಯಲ್ಲಿ ಹೆಂಗಸರ ಸಾಲು ಬೇರೆ, ಗಂಡಸರ ಸಾಲು ಬೇರೆ. ಜುಲೇಮಾ ಕಿಟಕಿ ಮುಚ್ಚಿದ ತರಗತಿಗೆ ಹೋಗಿ, ಮೇಜಿನ ಮೇಲಿದ್ದ ಎರಡು ಬಗೆಯ ಚೀಟಿಗಳಲ್ಲಿ "ಹೌದು" ಎಂಬ ಕಾಗದವನ್ನು ಲಕೋಟೆಗೆ ತುರುಕಿ, ಪೆಟ್ಟಿಗೆಗೆ ಹಾಕಿ ಬಂದಳು. ಓಣಿಯಾಚೆ ಗಂಡಸರ ಕೋಣೆಯ ಬಾಗಿಲು ಮುಚ್ಚೇ ಇತ್ತು.

"ದೊನ್ ಅನ್ಸೆಲ್ಮೊ, ಒಳಗೆ ಹಾಸಿಗೆ ಹಾಸ್ಕೊಂಡ್ರಾ?" ಎಂದು ಸಾಲಿನಿಂದ ಯಾರೋ ಕೂಗಿದರು.

"ಇರೋದು ಎರಡೇ ಕಾಗದ, ಅದ್ರಲ್ಲಿ ಇಷ್ಟು ಹೊತ್ತು ಏನ್ ಓದ್ತಾರಪ್ಪಾ!"

ನಗೆ ಎದ್ದಿತು. ಅನ್ಸೆಲ್ಮೊ ಹೊರಬಂದಾಗ ಅವನ ಕಿವಿಗಳು ಕೆಂಪಗಿದ್ದವು. ದಾರಿಯಲ್ಲಿ ಬೇಕರಿಯವನು ಮಾತಿಗೆಳೆದರೂ ನಿಲ್ಲಲಿಲ್ಲ.

ಊಟಕ್ಕೆ ಕೂತಾಗ ಅನ್ಸೆಲ್ಮೊ ಕುರಿ ತೊಡೆಯನ್ನು ಮುಟ್ಟಲೂ ಇಲ್ಲ. ಮಗ ಲೆಟಿಸ್ ಅಗಿಯುವುದನ್ನೇ ನೋಡುತ್ತಿದ್ದ.

"ನಿಂಗೆ ದೋಣಿ ಆಗ್ಬರಲ್ಲ, ಅಲ್ವಾ?" ಎಂದು ಇದ್ದಕ್ಕಿದ್ದಂತೆ ಕೇಳಿದ.

"ಇಲ್ಲ ಅಪ್ಪ. ನದಿ ದಾಟೋವಾಗ್ಲೇ ವಾಂತಿ ಮಾಡ್ಕೊಂಡಿದ್ನಲ್ಲ, ನಿನ್ನ ಹೊಸ ಪ್ಯಾಂಟ್ ಮೇಲೆ."

"ಹೂಂ," ಎಂದ ಅನ್ಸೆಲ್ಮೊ. ತಟ್ಟೆ ಸರಿಸಿ ಎದ್ದು ಹಿತ್ತಿಲಿಗೆ ಹೋದ.

ಜುಲೇಮಾ ತಟ್ಟೆ ತೊಳೆಯುತ್ತಿದ್ದಾಗ ಧೊಪ್ಪೆಂದು ಮಣ್ಣು ಬಿದ್ದ ಸದ್ದಾಯಿತು. ಮತ್ತೊಮ್ಮೆ. ಕಿಟಕಿಯಿಂದ ನೋಡಿದರೆ ಅನ್ಸೆಲ್ಮೊ, ಓಟಿಗೆಂದು ಹಾಕಿದ್ದ ಬಿಳಿ ಅಂಗಿಯಲ್ಲೇ, ಗುದ್ದಲಿಯಿಂದ ಮಣ್ಣು ಎಳೆದೆಳೆದು ಕಂದಕಕ್ಕೆ ತಳ್ಳುತ್ತಿದ್ದ. ಓಟಿನ ಎಣಿಕೆ ಇನ್ನೂ ಶುರುವಾಗಿರಲೇ ಇಲ್ಲ.

ಅವಳು ಒದ್ದೆ ಕೈಯಲ್ಲೇ ಓಡಿದಳು. ಅಳು ಬಂತು, ನಗುವೂ ಬಂತು, ಬಾಯಿಂದ ಹೊರಬಿದ್ದದ್ದು ಮಾತ್ರ, "ಅಯ್ಯೋ, ನನ್ನ ಲೆಟಿಸ್!"

"ಕಿತ್ಕೋ ಹಾಗಾದ್ರೆ. ನಂಗೆ ಕೆಲಸ ಇದೆ."

"ಅಲ್ವೋ ಮುದುಕಾ, ಒಳಗೆ ಯಾವ ಕಾಗದ..."

"ಅದು ಗುಟ್ಟಿನ ಮತದಾನ," ಎಂದು ಅವನು ಗದರಿದ. "ಕಾನೂನು ಗೊತ್ತಿಲ್ವಾ ನಿಂಗೆ?"

ಅವಳು ಕೆಳಗಿಳಿದು, ಬೇರಿನ ಮಣ್ಣು ಉದುರದಂತೆ ಒಂದೊಂದೇ ಗಿಡ ಎತ್ತಿ ಏಪ್ರನ್ನಿಗೆ ಹಾಕಿಕೊಳ್ಳತೊಡಗಿದಳು.

ಬೇಲಿ ಕಿರುಗುಟ್ಟಿತು. ಬೆಲಾರ್ಮಿನೊ ತನ್ನ ಗುದ್ದಲಿ ಹಿಡಿದು ಈಚೆಗೆ ದಾಟಿ ಬಂದಿದ್ದ. ಅನ್ಸೆಲ್ಮೊ ತಿರುಗಿ ನೋಡದೆಯೇ ಹೇಳಿದ:

"ಆ ಕಡೆ ತುದಿ ನೀವು ತೋಡಿದ್ದು, ದೊನ್ ಬೆಲಾರ್ಮಿನೊ. ಅದನ್ನ ನೀವೇ ಮುಚ್ಚಿ."

ಇಬ್ಬರೂ ಬಹಳ ಹೊತ್ತು ಮಣ್ಣು ಎಳೆದರು.

"ಅವತ್ತು ದೀಪ ಹಚ್ಚಿದ್ದು..." ಎಂದ ಅನ್ಸೆಲ್ಮೊ, ಗುದ್ದಲಿಯನ್ನೇ ನೋಡುತ್ತ, "ಮಗೂಗೆ ಹಾಲು ಕಾಯಿಸೋದಕ್ಕೆ ತಾನೆ?"

"ಹೌದು. ಈಗ ಶಾಲೆಗೆ ಹೋಗ್ತಾನೆ."

"ಗೊತ್ತು. ನಮ್ಮ ಕಿಟಕಿ ಗಾಜು ಒಡೆದವನು ಅವ್ನೇ." ಒಂದು ಹೆಂಟೆ ಒಡೆದು ಸೇರಿಸಿದ, "ನಾನು ಕೂಗಬಾರದಿತ್ತು."

ಬೆಲಾರ್ಮಿನೊ ತಲೆಯಾಡಿಸಿ, ಅಂಗೈಗೆ ಉಗುಳಿಕೊಂಡು ಮತ್ತೆ ಗುದ್ದಲಿ ಹಿಡಿದ.

ದಕ್ಷಿಣದ ಬೇಸಿಗೆಯ ಬೆಳಕು ಸಂಜೆಯಾದರೂ ಕುಂದಿರಲಿಲ್ಲ. ಫಾಬಿಯಾನ್ ರೇಡಿಯೊ ಕಂಕುಳಲ್ಲಿಟ್ಟುಕೊಂಡು ಕಿಟಕಿಯಿಂದ ಕೂಗಿದ. "'ಹೌದು' ಗೆಲ್ತಿದೆ! ಎಲ್ಲಾ ಕಡೆ!"

ಗಂಡಸರು ಮಣ್ಣು ತುಳಿದು ಗಟ್ಟಿ ಮಾಡುತ್ತಿದ್ದರು. ಜುಲೇಮಾ ಏಪ್ರನ್ ತುಂಬ ಲೆಟಿಸ್ ಹಿಡಿದು ನಿಂತಿದ್ದಳು. ಗಾಳಿಗೆ ಎಲೆಗಳು ಹರಿಯುತ್ತಿದ್ದವು.

"ಇದನ್ನ ಎಲ್ಲಿ ನೆಡ್ಲಿ ಈಗ?"

ಗಂಡಸರಿಬ್ಬರೂ ಮುಖ ನೋಡಿಕೊಂಡರು. ಗೋಡೆಗೊರಗಿಸಿದ್ದ ಕಂದಕದ ಹಳೆಯ ತಗಡನ್ನು ಎರಡು ತುದಿಯಲ್ಲಿ ಹಿಡಿದು ತಂದು, ಗಾಳಿಗೆದುರಾಗಿ ಬೇಲಿಯ ಪಕ್ಕ ನಿಲ್ಲಿಸಿ ಗೂಟ ಹೊಡೆದರು. ಜುಲೇಮಾ ಮಂಡಿಯೂರಿ ನೆಡತೊಡಗಿದಳು. ತಗಡು ಗಡಗಡ ನಡುಗುತ್ತಿತ್ತು. ಅದರ ಮರೆಯಲ್ಲಿ ಒಂದೆಲೆಯೂ ಅಲುಗಲಿಲ್ಲ.