ಬೂದು ಕಾರು, ನೀಲಿ ಕಾರು

ಹಿಂದಿನ ಸೀಟಿನಲ್ಲಿ ಕೂತವರಿಗೆ ಒಂದು ನಂಬಿಕೆ ಇರುತ್ತದೆ: ಡ್ರೈವರಿಗೆ ದೇವರು ಕಿವಿ ಕೊಟ್ಟಿರುವುದು ಹಾರ್ನ್ ಕೇಳಲಿಕ್ಕೆ ಮಾತ್ರ. ಹಾಗಾಗಿಯೇ ಮೆಲ್ಲಗಣ್ಣನ ಹಣೆಬರಹ ಅವನ ಬೆನ್ನ ಹಿಂದೆಯೇ, ಸಿಗ್ನಲ್ಲಿನಲ್ಲಿ ಕಾರು ನಿಂತಿದ್ದಾಗ ಚರ್ಚೆಗೆ ಬಂತು.

"ಹೊಸ ಕಾರು ಬೂದು ಬಣ್ಣದ್ದೇ ತಗೊಳ್ಳೋಣ," ಅಂದರು ಅಮ್ಮಾವ್ರು. "ಹಿಂದೆ ಕಾಲು ಚಾಚಿ ಮಲಗಬಹುದಂತೆ."

"ನೀಲಿದು ನೋಡು, ಸುಖವೆಲ್ಲ ಮುಂದಿನ ಸೀಟಿಗೇ ಇಟ್ಟಿದಾರೆ," ಅಂದರು ಯಜಮಾನರು. "ಫ್ಯಾಕ್ಟರಿ ಮಗಳಿಗೆ ಒಪ್ಪಿಸಿದ ಮೇಲೆ ನನಗಿನ್ನೇನು ಕೆಲಸ? ಅದು ಬಂದ್ರೆ ನಾನೇ ಓಡಿಸ್ತೀನಿ."

"ಹಾಗಾದ್ರೆ ಇವನು?"

"ಬೂದು ಬಂದ್ರೆ ಇರ್ತಾನೆ. ಹಿಂದೆ ಮಲಗಿಕೊಂಡು ಯಾರಾದ್ರೂ ಕಾರು ಓಡಿಸೋಕಾಗುತ್ತಾ? ನೀಲಿ ಬಂದ್ರೆ ಅವನ ಕೆಲಸ ಮುಗೀತು. ಎರಡನ್ನೂ ಒಂದ್ಸಲ ಓಡಿಸಿ ನೋಡಿಬಿಡೋಣ."

ಹಸಿರು ದೀಪ ಬಿತ್ತು. ಮೆಲ್ಲಗಣ್ಣ ಕಾರನ್ನು ಎಂದಿನ ಹಾಗೆ, ಹೊರಟಿದ್ದೇ ಗೊತ್ತಾಗದಷ್ಟು ನಿಧಾನಕ್ಕೆ ಹೊರಡಿಸಿದ.

ಮೆಲ್ಲಗಣ್ಣ ಅನ್ನುವುದು ಬೀದಿಯ ಉಳಿದ ಡ್ರೈವರುಗಳು ಇಟ್ಟ ಹೆಸರು. ಅವನಿಗೆ ಸ್ಟೀರಿಂಗ್ ಹಿಡಿಯಲು ಕಲಿಸಿದವನು ಲಾರಿ ಓಡಿಸುತ್ತಿದ್ದ ಸೋದರಮಾವ. "ಬ್ರೇಕ್ ತುಳಿಯೋನು ಡ್ರೈವರಲ್ಲ ಕಣೋ, ಕಾಲು ಎತ್ತೋನು ಡ್ರೈವರು" ಎಂಬುದು ಮಾವನ ಒಂದೇ ಪಾಠ. ಮುಂದೆ ರಸ್ತೆಯುಬ್ಬು ಕಂಡರೆ, ತಿರುವು ಕಂಡರೆ, ದೂರದಲ್ಲಿರುವಾಗಲೇ ಆಕ್ಸಿಲರೇಟರಿನಿಂದ ಪೂರ್ತಿ ಕಾಲು ತೆಗೆದುಬಿಡಬೇಕು. ಗಾಡಿ ತಾನಾಗಿ ದಣಿದು ನಿಲ್ಲಬೇಕು. ಈ ವಿದ್ಯೆಯಿಂದಲೇ ಮೆಲ್ಲಗಣ್ಣ ಈ ಮನೆಯಲ್ಲಿ ಇಷ್ಟು ಕಾಲ ಉಳಿದಿದ್ದ. ಗ್ಯಾರೇಜಿನ ಮೇಲಿನ ಕೋಣೆ ಅವನಿಗೂ ಅವನ ಹೆಂಡತಿಗೂ ಸಿಕ್ಕಿದ್ದೂ ಅದರಿಂದಲೇ. ಆ ಕೋಣೆಯ ಕಿಟಕಿ ಪಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡು ಅವಳು ಬೀದಿಯ ಅರ್ಧ ಮನೆಗಳ ಬಟ್ಟೆ ಹೊಲಿಯುತ್ತಿದ್ದಳು. ಕೆಲಸ ಹೋದರೆ ಕೋಣೆ, ಕೋಣೆ ಹೋದರೆ ಅವಳ ಗಿರಾಕಿಗಳು. ಒಂದು ಎಳೆ ಹಿಡಿದು ಎಳೆದರೆ ಇಡೀ ಹೊಲಿಗೆಯೇ ಬಿಚ್ಚಿಕೊಳ್ಳುವಂಥ ಸಂಸಾರ ಅದು.

ಎದುರು ಮನೆಯ ಡ್ರೈವರನ್ನು ಎಲ್ಲರೂ ಪೀಪಿ ಅನ್ನುತ್ತಿದ್ದರು. ಗೇಟು ತೆರೆಯಲಿಕ್ಕೂ ಹಾರ್ನ್ ಹೊಡೆಯುವ ಆಸಾಮಿ. ವಿಷಯ ಕೇಳಿ ಅವನು ನಕ್ಕ.

"ಇದಕ್ಕೆಲ್ಲ ಯೋಚನೆ ಯಾಕಣ್ಣ? ಬೂದು ಕಾರನ್ನ ತೊಟ್ಟಿಲು ತೂಗಿದ ಹಾಗೆ ಓಡಿಸು. ನೀಲಿ ಕಾರಲ್ಲಿ ಇಬ್ಬರ ಹಲ್ಲೂ ಉದುರೋ ಹಾಗೆ ಕುಲುಕು. ಹಾವೂ ಸಾಯುತ್ತೆ, ಕೋಲೂ ಮುರಿಯಲ್ಲ."

"ಅದು ಮೋಸ ಅಲ್ವೇನೋ?"

"ಧರ್ಮರಾಯ! ಈ ವಯಸ್ಸಿನ ಡ್ರೈವರನ್ನ ಯಾರು ಕರೀತಾರೆ ಗೊತ್ತಾ? ಮಕ್ಕಳು ಕರೀತಾರೆ, ತಾತಾ ಅಂತ."

ಕುಲುಕುವುದು ಬೇಡ, ಬೂದು ಕಾರನ್ನು ಚೆನ್ನಾಗಿ ಓಡಿಸಿದರೆ ಸಾಕು, ಅದರಲ್ಲಿ ಪಾಪವಿಲ್ಲ ಎಂದು ಮೆಲ್ಲಗಣ್ಣ ತನಗೆ ತಾನೇ ತೀರ್ಮಾನ ಮಾಡಿಕೊಂಡ.

ಶೋರೂಮಿನಲ್ಲಿ ಎರಡು ಕಾರುಗಳೂ ಅಕ್ಕಪಕ್ಕ ನಿಂತಿದ್ದವು. ನೆಲ ಎಷ್ಟು ನುಣುಪಾಗಿತ್ತೆಂದರೆ ಮೆಲ್ಲಗಣ್ಣ ಚಪ್ಪಲಿ ಬಿಡಬೇಕೋ ಏನೋ ಎಂದು ಒಂದು ಗಳಿಗೆ ಅನುಮಾನಿಸಿದ. ಕಾರು ತೋರಿಸುವ ಹೆಣ್ಣುಮಗಳು ಬೂದು ಕಾರಿನ ಹಿಂದಿನ ಬಾಗಿಲು ತೆರೆದು ಅಮ್ಮಾವ್ರನ್ನು ಕೂರಿಸಿದಳು. ಗುಂಡಿ ಒತ್ತಿದರೆ ಸೀಟು ಮಲಗಿತು, ಕಾಲಿಗೆ ದಿಂಬಿನಂಥದ್ದು ಎದ್ದು ಬಂತು, ಬಾಗಿಲ ಗಾಜಿಗೆ ಪರದೆ ಏರಿತು. ಅಮ್ಮಾವ್ರ ಮುಖ ಅರಳಿತು. ಮೆಲ್ಲಗಣ್ಣನಿಗೆ ಆ ಹೆಣ್ಣುಮಗಳಿಗೆ ಕೈಮುಗಿಯಬೇಕು ಅನ್ನಿಸಿತು.

ಅವಳು ಅವನ ಪಕ್ಕ ಕೂತು ಹೇಳಿದಳು: "ಅಣ್ಣಾ, ಇದು ಕರೆಂಟ್ ಕಾರು, ಇದರಲ್ಲಿ ಕಾಲು ಎತ್ತಿದ್ರೆ ತಾನಾಗೇ ಬ್ರೇಕ್ ಹಿಡಿಯುತ್ತೆ. ಆಗ ಬ್ಯಾಟರಿಗೆ ಕರೆಂಟ್ ವಾಪಸ್ ಬರುತ್ತೆ. ಬೇಡ ಅಂದ್ರೆ ಕಡಿಮೆ ಮಾಡಬಹುದು. ಮಾಡ್ಲಾ?"

ಅವಳ ಮಾತು ಅವನಿಗೆ ಅರ್ಧ ಅರ್ಥವಾಯಿತು. ಇನ್ನೊಮ್ಮೆ ಕೇಳಿದರೆ ಹಿಂದೆ ಕೂತ ಯಜಮಾನರು 'ಇವನಿಗೆ ಬರಲ್ಲ' ಅಂದುಕೊಂಡಾರು ಎಂಬ ಅಳುಕು.

"ಬೇಡಮ್ಮ, ಹಾಗೇ ಇರಲಿ," ಅಂದ.

ನೇರ ರಸ್ತೆಯಲ್ಲಿ ಕಾರು ನೀರಿನ ಮೇಲೆ ಎಲೆ ತೇಲಿದ ಹಾಗೆ ಹೋಯಿತು. ಹಿಂದಿನಿಂದ "ಆಹಾ" ಎಂಬ ಸ್ವರ ಬಂತು. ಅಷ್ಟರಲ್ಲಿ ದೂರದಲ್ಲಿ ಉಬ್ಬು ಕಂಡಿತು. ಮೆಲ್ಲಗಣ್ಣ ಬದುಕಿನಲ್ಲಿ ಲಕ್ಷ ಸಲ ಮಾಡಿದ್ದನ್ನೇ ಮಾಡಿದ. ಪೂರ್ತಿ ಕಾಲು ಎತ್ತಿಬಿಟ್ಟ.

ಯಾರೋ ಹಿಂದಿನಿಂದ ಹಗ್ಗ ಹಾಕಿ ಜಗ್ಗಿದ ಹಾಗೆ ಕಾರು ಹಿಡಿದುಕೊಂಡಿತು. ಒರಗಿ ಮಲಗಿದ್ದ ಅಮ್ಮಾವ್ರು ಜಾರಿ ಮುಂದಕ್ಕೆ ಬಂದರು. "ಅಯ್ಯೋ, ನನ್ನ ಕುತ್ತಿಗೆ!" ಅಂದರು. ಗಾಬರಿಯಲ್ಲಿ ಅವನು ಮತ್ತೆ ತುಳಿದ, ಕಾರು ಹಾರಿತು. ಹೆದರಿ ಮತ್ತೆ ಕಾಲು ತೆಗೆದ, ಕಾರು ಮತ್ತೆ ಜಗ್ಗಿತು. ಉಬ್ಬು ದಾಟುವಷ್ಟರಲ್ಲಿ ಯಜಮಾನರ ಕನ್ನಡಕ ಮಡಿಲಿಗೆ ಬಿದ್ದಿತ್ತು.

"ಏನೋ ಇದು, ಕುದುರೆ ಮೇಲೆ ಕೂರಿಸಿದ್ದೀಯೋ ಕಾರಲ್ಲಿ ಕೂರಿಸಿದ್ದೀಯೋ?"

"ತಪ್ಪಾಯ್ತು ಸಾರ್."

ಎಷ್ಟು ಎಚ್ಚರ ವಹಿಸಿದರೂ ಕಾಲು ಕೇಳಲಿಲ್ಲ. ತಲೆ ಹೇಳುವುದಕ್ಕಿಂತ ಮುಂಚೆ ಅದು ತನ್ನ ಹಳೆಯ ಪಾಠ ಒಪ್ಪಿಸಿಬಿಡುತ್ತಿತ್ತು. ಶೋರೂಮಿಗೆ ಹತ್ತಿರವಾಗುವ ಹೊತ್ತಿಗೆ, ಕಾಲನ್ನು ಎತ್ತುವುದಲ್ಲ, ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು ಎಂಬ ಗುಟ್ಟು ತಿಳಿಯಿತು. ಆದರೆ ಅಷ್ಟರಲ್ಲಿ ಬೂದು ಕಾರಿನ ಸರದಿ ಮುಗಿದಿತ್ತು.

ನೀಲಿ ಕಾರಿನ ಹಿಂದಿನ ಸೀಟು ಇಕ್ಕಟ್ಟು. ಅಮ್ಮಾವ್ರು ಒಂದು ಕೈಯಲ್ಲಿ ಕುತ್ತಿಗೆ ಹಿಡಿದುಕೊಂಡೇ ಕೂತರು. ಅದೇ ರಸ್ತೆ, ಅದೇ ಉಬ್ಬು. ಈ ಕಾರೂ ಕಾಲೆತ್ತಿದರೆ ಜಗ್ಗುವಂಥದ್ದೇ. ಪೀಪಿ ಹೇಳಿದ್ದು ನೆನಪಾಯಿತು. ಒಂದೇ ಒಂದು ಸಲ ತಟ್ಟನೆ ಕಾಲು ಎತ್ತಿದರೆ ಸಾಕು, ಎರಡೂ ಕಾರು ಒಂದೇ ಎಂದಾಗಿ, ಮಲಗುವ ಸೀಟಿನ ಬೂದು ಕಾರೇ ಗೆಲ್ಲುತ್ತದೆ. ಅವನು ಕನ್ನಡಿಯಲ್ಲಿ ನೋಡಿದ. ಅಮ್ಮಾವ್ರು ಉಬ್ಬನ್ನು ನೋಡಿ ಕಣ್ಣು ಮುಚ್ಚಿ, ಇನ್ನೊಂದು ಕೈಯಲ್ಲಿ ಬಾಗಿಲ ಹಿಡಿ ಹಿಡಿದುಕೊಂಡಿದ್ದರು.

ಮೆಲ್ಲಗಣ್ಣ ಕಾಲನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿದ. ಕಾರು ಉಬ್ಬನ್ನು ಸವರಿಕೊಂಡು ದಾಟಿತು.

"ದಾಟಿಯಾಯ್ತಾ?" ಅಂದರು ಅಮ್ಮಾವ್ರು, ಕಣ್ಣು ಬಿಟ್ಟು.

"ಇದು ನೋಡು ಕಾರು ಅಂದ್ರೆ! ಬೆಣ್ಣೆ!" ಅಂದರು ಯಜಮಾನರು. "ನಿಲ್ಸೋ, ನಾನು ಓಡಿಸ್ತೀನಿ."

ವಾಪಸ್ಸು ಅವರೇ ಓಡಿಸಿದರು. ಮುಂದೆ ಅವರ ಪಕ್ಕ ಕಾರು ತೋರಿಸುವ ಹೆಣ್ಣುಮಗಳು ಇದ್ದುದರಿಂದ ಮೆಲ್ಲಗಣ್ಣ ಹಿಂದೆ ಅಮ್ಮಾವ್ರ ಪಕ್ಕ ಮೊಣಕಾಲು ಮಡಚಿಕೊಂಡು, ಆದಷ್ಟು ಕಡಿಮೆ ಜಾಗ ಹಿಡಿದು ಕೂತ. ಆ ಇಕ್ಕಟ್ಟಿನಲ್ಲಿ ಕೂತೇ ಧೈರ್ಯ ಮಾಡಿದ.

"ಸಾರ್, ಬೂದು ಕಾರಿನದ್ದು ತಪ್ಪಿಲ್ಲ. ತಪ್ಪು ನನ್ನ ಕಾಲಿನದ್ದು. ಹಳೇ ಅಭ್ಯಾಸ. ಇನ್ನೊಂದ್ಸಲ ಅದನ್ನ ಓಡಿಸಿದ್ರೆ..."

ಯಜಮಾನರು ಕನ್ನಡಿಯಲ್ಲಿ ಅವನನ್ನು ನೋಡಿದರು. ಸಿಟ್ಟಿರಲಿಲ್ಲ. ಅದಕ್ಕಿಂತ ಕೆಟ್ಟದ್ದು, ಕನಿಕರವಿತ್ತು.

"ಕಾರಿನದ್ದು ತಪ್ಪು ಅಂದಿದ್ರೆ ಆ ಕಾರು ಬೇಡ ಅಂತಿದ್ದೆ. ನಿನ್ನದೇ ತಪ್ಪು ಅಂತೀಯ. ಹಾಗಾದ್ರೆ ಬೂದು ಕಾರು ತಗೊಂಡು ನಿನ್ನ ಕೈಗೆ ಕೊಟ್ಟು ಹಿಂದೆ ಮಲಗಿ ಅಂತೀಯಾ ನಮಗೆ?"

ಕಾರನ್ನು ಬೈದರೂ ನೀಲಿ, ತನ್ನನ್ನು ಬೈದುಕೊಂಡರೂ ನೀಲಿ. ಅಡಕತ್ತರಿಯಲ್ಲಿ ಸಿಕ್ಕ ಅಡಕೆ ಯಾವ ಕಡೆ ಹೊರಳಿದರೇನು?

ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಳು.

"ರೀ, ಆ ಹುಡುಗಿ 'ಕಡಿಮೆ ಮಾಡ್ಲಾ' ಅಂದಾಗ ಹೂಂ ಅನ್ನೋಕೆ ಏನಾಗಿತ್ತು?"

"ಗೊತ್ತಿಲ್ಲ ಅಂತ ತೋರಿಸಿಕೊಳ್ಳೋಕೆ ಹೆದರಿಕೆ ಆಯ್ತು."

"ಹೆದರಿದ್ದಕ್ಕೆ ಏನುಳೀತು?"

ಅವನು ತಟ್ಟೆಯಲ್ಲಿ ಬೆರಳಾಡಿಸಿದ.

ನೀಲಿ ಕಾರು ಮನೆಗೆ ಬಂತು. ಯಜಮಾನರಿಗೆ ಸ್ಟೀರಿಂಗ್ ಹಿಡಿಯುವುದು ಬಿಟ್ಟು ಬಹಳ ವರ್ಷವಾಗಿತ್ತು, ಊರಿನ ದಟ್ಟಣೆ ರೂಢಿಯಿರಲಿಲ್ಲ. "ನನಗೆ ಕೈ ಕೂರೋವರೆಗೆ ಪಕ್ಕದಲ್ಲಿ ಕೂತು ಹೇಳಿಕೊಡು" ಅಂದರು. ಪೀಪಿಗೆ ಇದು ಕೇಳಿ ಖುಷಿಯೋ ಖುಷಿ.

"ದೇವರು ಇನ್ನೊಂದು ಬಾಗಿಲು ತೆರೆದ ನೋಡಣ್ಣ! ಕೈ ಕೂರದ ಹಾಗೆ ಹೇಳಿಕೊಡು. ವರ್ಷಗಟ್ಟಲೆ ಕಲೀತಾ ಇರಲಿ. ಹೆದರಿಸು. ಲಾರಿ ಬಂದಾಗೆಲ್ಲ ಕಣ್ಣು ಮುಚ್ಚಿ ಕೂತ್ಕೋ."

ಮೆಲ್ಲಗಣ್ಣ ಪ್ರಯತ್ನ ಮಾಡಲಿಲ್ಲ ಎಂದಲ್ಲ. ಒಂದು ಬೆಳಿಗ್ಗೆ, ಏನೂ ಹೇಳಬಾರದು ಎಂದು ತುಟಿ ಕಚ್ಚಿಕೊಂಡೇ ಕೂತ. ವೃತ್ತದಲ್ಲಿ ಯಜಮಾನರು ಕನ್ನಡಿ ನೋಡದೆ ಎಡಕ್ಕೆ ತಿರುಗಿಸಹೊರಟರು. ಎಡಗಡೆ ಒಬ್ಬ ಹೆಂಗಸು ಮಗುವನ್ನು ಕೂರಿಸಿಕೊಂಡು ಸೈಕಲ್ಲು ತುಳಿಯುತ್ತಿದ್ದಳು. ಇವನ ಬಾಯಿಂದ ತಾನಾಗಿ ಕೂಗು ಹೊರಟಿತು: "ಎಡಗಡೆ ಸಾರ್! ಸಡಿಲ ಬಿಡಿ, ಸಡಿಲ!" ಕಾರು ನಿಂತಿತು. ಸೈಕಲ್ಲು ತನ್ನ ಪಾಡಿಗೆ ಹೋಯಿತು. ಆಮೇಲೆ ಬಾಯಿ ಕಟ್ಟಲು ಅವನಿಂದ ಆಗಲೇ ಇಲ್ಲ. ಕನ್ನಡಿಯನ್ನು ಯಾವಾಗ ನೋಡಬೇಕು, ಬಸ್ಸಿನ ಹಿಂದೆ ಎಷ್ಟು ಅಂತರ ಬಿಡಬೇಕು, ಉಬ್ಬು ಬಂದಾಗ ಕಾಲನ್ನು ಹೇಗೆ ಸಡಿಲಿಸಬೇಕು, ಎಲ್ಲವನ್ನೂ ಹೇಳಿಕೊಟ್ಟ. ಯಜಮಾನರು ಚುರುಕಾಗಿ ಕಲಿತರು. ಅವರು ಒಂದೊಂದು ತಿರುವು ಸರಿಯಾಗಿ ತೆಗೆದುಕೊಂಡಾಗಲೂ ಅವನು "ಸರಿಯಾಯ್ತು ಸಾರ್" ಅನ್ನುತ್ತಿದ್ದ. ಅನ್ನುವಾಗಲೆಲ್ಲ ತನ್ನ ಗುಂಡಿಯಿಂದ ಇನ್ನೊಂದು ಬುಟ್ಟಿ ಮಣ್ಣು ತಾನೇ ಹೊತ್ತು ಹಾಕಿದಂತಿತ್ತು.

ಒಂದು ದಿನ ಅವನು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಮೆಟ್ಟಿಲಿಳಿದು ಬಂದರೆ ಗ್ಯಾರೇಜು ಖಾಲಿ. ಸದ್ದಿಲ್ಲದ ಕಾರು, ಹೊರಟಿದ್ದು ಮೇಲಿನ ಕೋಣೆಗೆ ಕೇಳಿಸಿರಲಿಲ್ಲ. ಅಮ್ಮಾವ್ರು ಬಾಗಿಲಿಗೆ ಬಂದರು.

"ಅವರೇ ಹೋದ್ರಪ್ಪ. ಒಬ್ಬರೇ." ಅವರೂ ಖಾಲಿ ನೆಲ ನೋಡಿದರು. "ನಿನ್ನ ಮೇಲೆ ನಮಗೇನೂ ಬೇಜಾರಿಲ್ಲ. ಒಳ್ಳೆಯವನು ನೀನು. ಆದ್ರೆ ಮೇಲಿನ ಕೋಣೆ... ಮಗಳು ಆಫೀಸ್ ಮಾಡ್ಕೋಬೇಕು ಅಂತಿದಾಳೆ. ತಿಂಗಳ ಕೊನೆ ತನಕ ಇರಿ, ಅವಸರ ಇಲ್ಲ."

"ಆಗಲಿ ಅಮ್ಮಾ," ಅಂದ ಮೆಲ್ಲಗಣ್ಣ. ಕುತ್ತಿಗೆ ಹೇಗಿದೆ ಎಂದು ಕೇಳಬೇಕು ಅನ್ನಿಸಿತು. ಕೇಳಿದರೆ ಚುಚ್ಚಿದ ಹಾಗಾದೀತೇನೋ ಎಂದು ಕೇಳಲಿಲ್ಲ.

ಮೇಲೆ ಹೆಂಡತಿ ಯಾರದೋ ಮನೆಯ ಕಿಟಕಿ ಪರದೆಗೆ ಅಂಚು ಹೊಲಿಯುತ್ತಿದ್ದಳು. ಅವನು ಹೇಳಿದ. ಯಂತ್ರ ನಿಂತಿತು, ಮತ್ತೆ ಶುರುವಾಯಿತು.

"ಇದೊಂದು ಮುಗಿಸಿಬಿಡ್ತೀನಿ," ಅಂದಳು. "ಅವರು ಸಾಯಂಕಾಲ ಬರ್ತಾರೆ."

ಅವನು ಮಂಚದ ಮೇಲೆ ಕೂತ. ಮಾಡಲಿಕ್ಕೆ ಏನೂ ಇಲ್ಲದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ.

"ಶರ್ಟು ಬಿಚ್ಚಿಡಿ, ಇಸ್ತ್ರಿ ಹಾಳಾಗುತ್ತೆ," ಅಂದಳು ಹೆಂಡತಿ, ತಲೆ ಎತ್ತದೆ.

ಅವನು ಬಿಚ್ಚಲಿಲ್ಲ. ಹಾಗೇ ಗೋಡೆಗೆ ಒರಗಿದ. ಇಸ್ತ್ರಿ ಹಾಳಾಗಲಿ ಎಂದೇ ಒರಗಿದ.