ಪೋಡಿಯಾದ ಪೆಟ್ಟಿಗೆ

ಸರ್ವೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಹೊಲಗದ್ದೆ ಅಳೆದು ನಿವೃತ್ತರಾಗಿದ್ದ ಶಿಕಾರಿಪುರದ ವೀರಬಸಪ್ಪನವರಿಗೆ ಒಂದು ಮಾತು ಕಂಡರೆ ಆಗುತ್ತಿರಲಿಲ್ಲ: ಪಾರ್ಟಿಷನ್. ಒಂದು ಒರಳುಕಲ್ಲಿಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟದ್ದನ್ನು ಅವರು ಕಣ್ಣಾರೆ ಕಂಡಿದ್ದರು. ತೊಂಬತ್ತೇಳರ ಶ್ರಾವಣದಲ್ಲಿ ಅದೇ ಮಾತು ಸೊರಬದಿಂದ, ಮಗಳು ಗಂಗಾಶ್ರೀಯ ಬಾಯಿಂದಲೇ ಫೋನಿನಲ್ಲಿ ಬಂತು.

"ಅಪ್ಪಾ, ಇವರೂ ಕೊಟ್ರೇಶನೂ ಪಾರ್ಟಿಷನ್ ಮಾಡಾಕೆ ಕುಂತಾರೆ. ಮೊದ್ಲು ಇರೋದೆಲ್ಲ ಅಳಿಸಿ, ಆಮೇಲೆ ಎರಡು ಭಾಗ ಅಂತೆ. ಅವ್ವನ ಪದ..." ಎನ್ನುವಷ್ಟರಲ್ಲಿ ಲೈನು ಕಡಿಯಿತು.

ಅಳಿಯ ಚಂದ್ರಶೇಖರನೂ ಅವನ ತಮ್ಮ ಕೊಟ್ರೇಶನೂ ಸೊರಬದಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಲಗ್ನಪತ್ರಿಕೆ ಅಚ್ಚು ಮಾಡುತ್ತಿದ್ದರು. ವೀರಬಸಪ್ಪನವರ ಹೆಂಡತಿ ನೀಲಾಂಬಿಕ ಲಿಂಗೈಕ್ಯಳಾಗಿ ಏಳು ತಿಂಗಳಾಗಿತ್ತು. ಹಾಸಿಗೆ ಹಿಡಿದಿದ್ದಾಗ ಆಕೆ ಹೇಳಿದ ಅರವತ್ತೆಂಟು ಸೋಬಾನೆ ಪದಗಳನ್ನು ಗಂಗಾಶ್ರೀ ಆ ಕಂಪ್ಯೂಟರಿನಲ್ಲೇ ಟೈಪು ಮಾಡಿಟ್ಟಿದ್ದಳು. ಬೇರೆಲ್ಲೂ ಅವು ಇರಲಿಲ್ಲ.

ವೀರಬಸಪ್ಪನವರು ಪೂಜೆ ಮುಗಿಸಿ, ವಿಭೂತಿ ಗಟ್ಟಿಯನ್ನೂ ಹಳೆಯ ಅಳತೆ ಟೇಪನ್ನೂ ಚೀಲಕ್ಕೆ ಹಾಕಿ, ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ, ದಾರಿಯುದ್ದಕ್ಕೂ ಬುದ್ಧಿಮಾತು ಜೋಡಿಸಿಕೊಳ್ಳುತ್ತ ಬಂದರು. ಸೊರಬದಲ್ಲಿ ಅಣ್ಣತಮ್ಮಂದಿರು ಕಂಪ್ಯೂಟರಿನ ಮುಂದೆ ಕುಳಿತು ಒಂದೇ ಕಾಗದದಿಂದ ಮಂಡಕ್ಕಿ ತಿನ್ನುತ್ತಿದ್ದರು. ಅದನ್ನು ಕಂಡೂ ಅವರು ಬುದ್ಧಿಮಾತನ್ನು ನಿಂತೇ ಹೇಳಿ ಮುಗಿಸಿದರು.

"ಪಾಲಾಗ್ತಿರೋದು ನಾವಲ್ಲ ಮಾವ, ಇದು" ಎಂದು ಕೊಟ್ರೇಶ ಊಟದ ಡಬ್ಬಿಯಷ್ಟಿದ್ದ ಒಂದು ಪೆಟ್ಟಿಗೆ ತೋರಿಸಿದ.

ಕಂಪ್ಯೂಟರಿನೊಳಗಿನ ಹಾರ್ಡ್ ಡಿಸ್ಕ್ ಕರಕರ ಎನ್ನುತ್ತಿತ್ತಂತೆ. ಅದು ಕೆಡುವ ಮೊದಲೇ ನಕಲು ಇಟ್ಟುಕೊಳ್ಳಲು ಹೊರಗಿನಿಂದ ಜೋಡಿಸುವ ಈ ಡಿಸ್ಕನ್ನು ಶಿವಮೊಗ್ಗದಿಂದ ತಂದಿದ್ದರು. ಯಾರೋ ಬಳಸಿ ಬಿಟ್ಟದ್ದು. ಅದನ್ನು ಅಳಿಸಿ, ಒಂದು ಭಾಗ ಪತ್ರಿಕೆಗಳಿಗೆ, ಇನ್ನೊಂದು ಭಾಗ ಅವ್ವನ ಪದಗಳಿಗೆ.

ವೀರಬಸಪ್ಪನವರು ಟೇಪನ್ನು ಮೆಲ್ಲಗೆ ಚೀಲದ ತಳಕ್ಕೆ ತಳ್ಳಿ ಕುಳಿತರು. ಆದರೂ ಅಭ್ಯಾಸ ಬಿಡಲಿಲ್ಲ. ಯಾವುದಕ್ಕೆ ಯಾವ ನಂಬರು ಎಂದು ಕೇಳಿದರು. ನಂಬರಲ್ಲ, ಅಕ್ಷರ ಎಂದು ಚಂದ್ರಶೇಖರ ಚೀಟಿ ತೋರಿಸಿದ: ಒಳಗಿನ ಡಿಸ್ಕು ಸಿ ಮತ್ತು ಡಿ, ಪದಗಳು ಡಿಯಲ್ಲಿ, ಹೊಸ ಪೆಟ್ಟಿಗೆ ಇ. ಪೆಟ್ಟಿಗೆಯನ್ನು ಎರಡು ಭಾಗ ಮಾಡಿ, ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದ. ಆಮೇಲೆ ಹೊಸ ಭಾಗವನ್ನು ಬಳಕೆಗೆ ಅಣಿ ಮಾಡಲೆಂದು ಚೀಟಿ ನೋಡಿಕೊಂಡು, ಇ ಅಳಿಸು ಎಂದು ಅಪ್ಪಣೆ ಕೊಟ್ಟ. ಇದ್ದದ್ದೆಲ್ಲ ಹೋಗುತ್ತದೆ, ಹೌದೋ ಅಲ್ಲವೋ ಎಂದು ಪರದೆ ಕೇಳಿತು.

"ತಡೀರಿ ಅಳಿಯಂದ್ರೇ. ಪಾಲಾಗಿ, ತುಂಡುತುಂಡಾಗಿ ಅಳೆದು ಪೋಡಿ ಆದ್ಮೇಲೆ ಹೊಲದ ನಂಬರು ಬದಲಾಗತೈತಿ. ಇದ್ರದ್ದು ಆಗಲ್ವಾ?"

ಕೊಟ್ರೇಶ ನಕ್ಕ. "ಇದಕ್ಕೆ ಪಹಣಿ ಇಲ್ಲ ಮಾವ."

"ಹಳೇ ನಂಬರು ನಂಬಿ ತಮ್ಮನ ಗದ್ದೆ ಉತ್ತೋನನ್ನ ನೋಡೀನಿ. ಒಳಗೇನೈತಿ ನೋಡಿ, ಆಮೇಲೆ ಉಳ್ರಿ."

ಹಿರಿಯರ ಸಮಾಧಾನಕ್ಕೆಂದು ಚಂದ್ರಶೇಖರ ಅಲ್ಲ ಎಂದು ಒತ್ತಿ, ಇಯಲ್ಲಿ ಇರುವುದರ ಪಟ್ಟಿ ಕೇಳಿದ. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಅವ್ವ ಒಂದು, ಅವ್ವ ಎರಡು, ಅವ್ವ ಮೂರು ಎಂದು ಸಾಲುಗಳು ಓಡಿ ಅರವತ್ತೆಂಟಕ್ಕೆ ನಿಂತವು. ಕೊಟ್ರೇಶನ ಬಾಯಿಯ ಮಂಡಕ್ಕಿ ಬಾಯಲ್ಲೇ ಉಳಿಯಿತು. ಮತ್ತೆ ಹಚ್ಚಿದಾಗ ಕಂಪ್ಯೂಟರು ಅಕ್ಷರಗಳನ್ನು ಹೊಸದಾಗಿ ಹಂಚಿತ್ತು; ಪೆಟ್ಟಿಗೆಯ ಎರಡು ತುಂಡುಗಳು ಡಿ ಮತ್ತು ಎಫ್ ಆಗಿದ್ದವು. ಪದಗಳಿದ್ದ ಹಳೆಯ ಡಿ ನಡುವೆ ಸರಿದು ಇ ಆಗಿತ್ತು. ಚಂದ್ರಶೇಖರ ಕೀಲಿಮಣೆಯಿಂದ ಕೈ ತೆಗೆದು ತೊಡೆಯ ಕೆಳಗೆ ಇಟ್ಟುಕೊಂಡ. ಗಂಗಾಶ್ರೀ ಒಳಗೆ ಹೋಗಿ ಬಹಳ ಹೊತ್ತು ಚಹಾ ಕಾಸಿದಳು.

ಮುಂದಿನ ಪ್ರತಿ ಅಪ್ಪಣೆಗೂ ಮೂವರೂ ಹಿರಿಯರ ಮುಖ ನೋಡಿದರು. ಪದಗಳೆಲ್ಲ ಎಫ್‌ಗೆ ಇಳಿದ ಮೇಲೆ ವೀರಬಸಪ್ಪನವರು ಪೆಟ್ಟಿಗೆಗೆ ವಿಭೂತಿ ಹಚ್ಚಿ, ಕಾಗದ ತರಿಸಿ, ದುಂಡಗಿನ ಅಕ್ಷರದಲ್ಲಿ ಬರೆದರು: ಡಿ, ಲಗ್ನಪತ್ರಿಕೆಗಳು. ಎಫ್, ಹಕ್ಕುದಾರರು ನೀಲಾಂಬಿಕ ಕೋಂ ವೀರಬಸಪ್ಪ.

ಸಾಕ್ಷಿ ರುಜು ಹಾಕುತ್ತ ಕೊಟ್ರೇಶ, ಹೆಸರಿನ ಹಿಂದೆ ಲೇಟ್ ಅಂತ ಸೇರಿಸಬೇಕಲ್ವಾ ಎಂದು ಅಳುಕುತ್ತ ಕೇಳಿದ.

ವೀರಬಸಪ್ಪನವರು ಪೆನ್ನಿನ ಟೋಪಿ ಹಾಕಿದರು.

"ಸ್ವಾಧೀನದಾಗೆ ಅವಳೇ ಅದಾಳಲ್ಲ. ಬ್ಯಾಡ."